ರಜೆ ಯಾರದು?

ಹೊರನಾಡ ಕನ್ನಡಿಗರಾದ ನಮಗೆ ರಜೆಯೆಂದರೆ ಒಂದೇ ಅರ್ಥ: ಊರು. ಕಾಚಿಗುಡದಲ್ಲಿ ಬೆಂಗಳೂರು ರೈಲು ಹತ್ತುವವರಿರಲಿ, ಇಮ್ಲಿಬನ್‌ನಲ್ಲಿ ರಾಯಚೂರು, ಬೀದರಗಳ ಬಸ್ಸಿಗೆ ಕಾಯುವವರಿರಲಿ, ಕೈಯಲ್ಲಿ ಬಿಸ್ಕತ್ತಿನ ಡಬ್ಬಿ, ತಲೆಯಲ್ಲಿ ನೋಡಬೇಕಾದವರ ಪಟ್ಟಿ. ಮದುವೆ, ಮುಂಜಿ, ಶ್ರಾದ್ಧಗಳಿಗೆ ಹಂಚಿ ಉಳಿದರೆ ತಾನೆ ನಮ್ಮ ಪಾಲು!

ಈಚೆಗೆ ನಮ್ಮ ಮನೆಗಳಲ್ಲಿ ಬೇರೆ ಮಾತು ಕೇಳಿಬರುತ್ತಿದೆ. "ಈ ಸಲ ಊರು ಬೇಡ, ಅಂಡಮಾನಿಗೆ ಹೋಗೋಣ" ಎನ್ನುತ್ತಾರೆ ಮಕ್ಕಳು. ಕಳೆದ ಚಳಿಗಾಲದಲ್ಲಿ ನಾವೂ ಹೋಗಿಬಂದೆವು. 2018ರವರೆಗೆ ಹ್ಯಾವ್‌ಲಾಕ್ ಎನಿಸಿಕೊಂಡಿದ್ದ ಸ್ವರಾಜ್ ದ್ವೀಪದಲ್ಲಿ ಬಾಡಿಗೆ ಸೈಕಲ್ ಹಿಡಿದು, ಹಡಗುಕಟ್ಟೆಯಿಂದ ರಾಧಾನಗರದ ಕಡಲತೀರಕ್ಕೆ ಸುಮಾರು 12 ಕಿಲೋಮೀಟರ್ ತುಳಿದೆವು. ಏರು ಬಂದಲ್ಲಿ ಇಳಿದು ತಳ್ಳಿದೆವು. ದಾರಿಯುದ್ದಕ್ಕೂ ಗದ್ದೆ, ತೆಂಗು, ಅಡಿಕೆ ತೋಟ. ಮಲೆನಾಡಿನವರಾದ ನಮಗೆ ಅಡಿಕೆ ಮರ ಕಂಡೊಡನೆ ಮತ್ತೆ ಊರೇ ನೆನಪಾದದ್ದು ಒಂದು ತಮಾಷೆ. ಆಮೇಲೆ ಮರಗಳ ನೆರಳಲ್ಲಿ ಸುಮ್ಮನೆ ಕೂತೆವು. ಅಲ್ಲಿ ಚಳಿಗಾಲದಲ್ಲಿ ಐದರ ಹೊತ್ತಿಗೇ ಸೂರ್ಯ ಸಮುದ್ರಕ್ಕಿಳಿಯುತ್ತಾನೆ. ಯಾರಿಗೂ ಏನೂ ಕೊಡಬೇಕಾಗಿಲ್ಲದ ದಿನ.

ಹೀಗೊಂದು ದಿನ ನಮಗೆ ಸಲ್ಲುತ್ತದೆಯೇ? ತಾಯಿಗೆ ಎಂಬತ್ತು, ವರ್ಷಕ್ಕೆ ಎರಡು ಸಲ ಹೋದರೂ ಉಳಿದ ಭೇಟಿಗಳನ್ನು ಬೆರಳಲ್ಲಿ ಎಣಿಸಬಹುದು. ಅದರಲ್ಲೊಂದನ್ನು ಸಮುದ್ರಕ್ಕೆ ಸುರಿದು ಬರುವುದೇ? ಈ ಮಾತನ್ನು ನಕ್ಕು ತಳ್ಳಿಹಾಕುವಂತಿಲ್ಲ. "ವಿಶ್ರಾಂತಿ ಪಡೆದರೆ ಕೆಲಸ ಚೆನ್ನಾಗಿ ಆಗುತ್ತದೆ" ಎಂಬ ಸಮಾಧಾನವಂತೂ ನಮಗೆ ಒಪ್ಪಿಗೆಯಿಲ್ಲ. ಹಾಗೆಂದರೆ ವಿಶ್ರಾಂತಿಯೂ ಕಚೇರಿಯ ಚಾಕರಿಯೇ ಆಯಿತು.

ನಮ್ಮ ಹಿರಿಯರೂ ದ್ವೀಪಕ್ಕೆ ಹೋದವರೇ. ರಾಮೇಶ್ವರ ದ್ವೀಪವಲ್ಲವೇ? 1914ರಲ್ಲಿ ಪಾಂಬನ್ ಸೇತುವೆಯಾದ ಮೇಲೆ ರೈಲಿನಲ್ಲೇ ಸಮುದ್ರ ದಾಟಿದರು. ಸಂಕಲ್ಪ ಮಾಡಿ ಮುಳುಗಿದರು. ಮಕ್ಕಳು ಕಪ್ಪೆಚಿಪ್ಪು ಆರಿಸಿದರು. ಸುಖ ಅವರಿಗೂ ಬೇಕಿತ್ತು, ಆದರೆ ಪುಣ್ಯದ ಟಿಕೆಟ್ ಇಲ್ಲದೆ ಅದು ಪ್ರಯಾಣ ಮಾಡುತ್ತಿರಲಿಲ್ಲ. ನಾವು ಆ ನೆಪ ಬಿಟ್ಟಿದ್ದೇವೆ. ಬಿಟ್ಟದ್ದು ತಪ್ಪೆಂದು ನಮಗನ್ನಿಸುವುದಿಲ್ಲ.

ಸ್ವರಾಜ್ ದ್ವೀಪದ ಹಳ್ಳಿಗಳ ಹೆಸರು ಗೋವಿಂದನಗರ, ವಿಜಯನಗರ, ಕೃಷ್ಣನಗರ. 1950ರ ದಶಕದಿಂದ ಸರ್ಕಾರ ಅಲ್ಲಿ ನೆಲೆಗೊಳಿಸಿದ, ಪೂರ್ವ ಬಂಗಾಳದ ನಿರಾಶ್ರಿತರ ಊರುಗಳಿವು. ಚಹಾ ಕೊಟ್ಟ ಮುದುಕರೊಬ್ಬರು "ನಿಮ್ಮ ಊರು?" ಎಂದರು. ಹೈದರಾಬಾದ್, ಆದರೆ ನಿಜವಾಗಿ ತೀರ್ಥಹಳ್ಳಿ ಎಂದು ನಾವು ಉದ್ದಕ್ಕೆ ವಿವರಿಸಿದೆವು. ಅವರ ತಂದೆಯದು ಬಾರಿಸಾಲ್ ಅಂತೆ. ಇವರು ಕಂಡೇ ಇಲ್ಲ. ರಜೆಯಲ್ಲಿ ಊರಿಗೆ ಹೋಗಬೇಕೇ ಬೇಡವೇ ಎಂಬ ಪ್ರಶ್ನೆ ಅವರ ಬಾಳಿನಲ್ಲಿ ಎದ್ದದ್ದೇ ಇಲ್ಲ.

ನಮ್ಮಲ್ಲಿ ಸರಿಯಲ್ಲದ್ದು ಪ್ರವಾಸವಲ್ಲ, ಮುಚ್ಚಿಡುವುದು. "ಆಫೀಸಿನ ಕೆಲಸ, ಈ ಸಲ ಬರಲಾಗದು" ಎಂದು ಫೋನಿನಲ್ಲಿ ಹೇಳಿ ವಿಮಾನ ಹತ್ತುವವರು ಎಷ್ಟು ಜನವಿಲ್ಲ! ಮಕ್ಕಳ ಸುಖಕ್ಕೆ ಕರುಬುವವರೆಂದು ಹೆತ್ತವರನ್ನು ಎಣಿಸಿದಂತಾಗಲಿಲ್ಲವೇ ಇದು? ಅದೂ ಈಗ ವಾಟ್ಸಾಪ್ ಇದೆ, ಚಿತ್ರಗಳು ಮೊದಲು ಮುಟ್ಟುವುದು ಊರಿಗೇ. ಗೆಳೆಯರೊಬ್ಬರ ಮನೆಯಲ್ಲಿ ಹಾಗೇ ಆಯಿತು. ರಾಯಚೂರಿನಲ್ಲಿದ್ದ ಅವರ ತಾಯಿ ಚಿತ್ರ ನೋಡಿ ಸಿಟ್ಟಾಗಲಿಲ್ಲ. "ನನ್ನೂ ಕರಕೊಂಡು ಹೋಗಬಹುದಿತ್ತಲ್ಲೋ. ನೀವು ಸೈಕಲ್ ಹೊಡೀತಿದ್ರಿ, ನಾ ದಂಡಿಮ್ಯಾಲ ಕುಂತಿರ್ತಿದ್ದೆ" ಎಂದರಂತೆ.

ರಾಯಚೂರಿನಿಂದ ಇಲ್ಲಿಗೆ ಬಸ್ಸಿನಲ್ಲಿ ಅರ್ಧ ದಿನದ ದಾರಿ.