ಅಳಿಸಿದ ಕೈ, ಉಳಿಸಿದ ಕೈ

ಮನೆಯಲ್ಲಿ ಗಾಜಿನ ಲೋಟ ಒಡೆದ ಸದ್ದು ಕೇಳಿದೊಡನೆ ನಾವು ಕೇಳುವ ಮೊದಲ ಪ್ರಶ್ನೆ, 'ಯಾರು ಒಡೆದದ್ದು?' ಅದನ್ನು ಮೇಜಿನ ಅಂಚಿನಲ್ಲಿ ಇಟ್ಟವರು ಯಾರೆಂದು ಕೇಳುವುದಿಲ್ಲ. ಮಗುವಿಗೆ ಏಟು ಬೀಳುತ್ತದೆ. ಮುಂದಿನ ಸಲ ಅದು ಚೂರುಗಳನ್ನು ಬಚ್ಚಿಡಲು ಕಲಿತಿರುತ್ತದೆ.

ದೊಡ್ಡವರ ಕಚೇರಿಗಳಲ್ಲೂ ನಡೆಯುವುದು ಇದೇ. ಆದರೆ ಬೇರೆ ದಾರಿಯೂ ಉಂಟು. ಸಾಫ್ಟ್‌ವೇರ್ ಬರೆಯುವವರು ತಮ್ಮ ಕೆಲಸವನ್ನು ಜೋಪಾನವಾಗಿ ಇಡುವ ಅಂತರ್ಜಾಲ ತಾಣಗಳಲ್ಲಿ ಗಿಟ್‌ಲ್ಯಾಬ್ ಒಂದು. 2017ರ ಜನವರಿ 31ರ ರಾತ್ರಿ ಅಲ್ಲಿಯ ಇಂಜಿನಿಯರೊಬ್ಬರು ಎರಡನೆಯ ಸರ್ವರ್ ಎಂದು ಭಾವಿಸಿ ಮುಖ್ಯ ಸರ್ವರ್‌ನ ಮಾಹಿತಿಯನ್ನೇ ಅಳಿಸತೊಡಗಿದರು. ಒಂದೆರಡು ಸೆಕೆಂಡಿನಲ್ಲೇ ತಪ್ಪು ತಿಳಿದು ನಿಲ್ಲಿಸಿದರೂ, ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ ಮಾತ್ರ. ದಿನವೂ ಆಗಬೇಕಿದ್ದ ನಕಲು ಆಗಿರಲೇ ಇಲ್ಲ. ಆಗಿಲ್ಲವೆಂದು ಎಚ್ಚರಿಸುವ ಇ-ಮೇಲ್‌ಗಳೂ ಯಾರನ್ನೂ ತಲುಪುತ್ತಿರಲಿಲ್ಲ.

ಸಂಸ್ಥೆ ಇದನ್ನು ಮುಚ್ಚಿಡಲಿಲ್ಲ. ದುರಸ್ತಿಯ ಕೆಲಸವನ್ನು ಜಗತ್ತೇ ನೋಡುವಂತೆ ನೇರಪ್ರಸಾರ ಮಾಡಿತು. ಬಳಿಕ ತನ್ನನ್ನೇ ಕೇಳಿಕೊಂಡಿತು: ನಕಲು ಸರಿಯಾಗಿದೆಯೇ ಎಂದು ಯಾರೂ ಏಕೆ ಪರೀಕ್ಷಿಸಲಿಲ್ಲ? ಸಿಕ್ಕಿದ ಉತ್ತರ ನಾಚಿಕೆ ತರುವಂಥದ್ದು. ಅದು ಯಾರ ಹೊಣೆಯೂ ಆಗಿರಲಿಲ್ಲ!

ಕೊನೆಗೆ ಅವರನ್ನು ಕಾಪಾಡಿದ್ದು ಯಾವುದು? ಅದೇ ಇಂಜಿನಿಯರ್ ಸುಮಾರು ಆರು ಗಂಟೆ ಮೊದಲು ಬೇರೆ ಕೆಲಸಕ್ಕೆಂದು ತೆಗೆದಿಟ್ಟಿದ್ದ ಒಂದು ನಕಲು. ಅಳಿಸಿದ ಕೈಯೇ ಉಳಿಸಿದ ಕೈಯೂ ಆಗಿತ್ತು. ಆ ಆರು ಗಂಟೆಗಳ ಮಾಹಿತಿ ಮಾತ್ರ ಮರಳಿ ಬರಲಿಲ್ಲ.

ಹಾಗಾದರೆ ತಪ್ಪಿಗೆ ಶಿಕ್ಷೆಯೇ ಬೇಡವೇ? ಅಸಡ್ಡೆ ಬೆಳೆಯುವುದಿಲ್ಲವೇ? ಪ್ರಶ್ನೆ ನ್ಯಾಯವಾದದ್ದೇ. ಬೇಕೆಂದೇ ಮಾಡಿದ ಕೇಡು ಬೇರೆ, ಕೈತಪ್ಪು ಬೇರೆ. ಕೈತಪ್ಪಿಗೆ ದಂಡ ವಿಧಿಸುವ ಕಡೆ ಸತ್ಯ ಮೊದಲು ಕೆಲಸ ಬಿಡುತ್ತದೆ. ಆದರೆ ಕ್ಷಮಿಸಿ ಸುಮ್ಮನಾಗುವುದೂ ಕಲಿಕೆಯಲ್ಲ. ಸಭೆ ಸೇರಿ, ನಡಾವಳಿ ಬರೆದು, ಲೋಟವನ್ನು ಮತ್ತೆ ಅದೇ ಅಂಚಿನಲ್ಲಿಟ್ಟು ಏಳುವ ಸಂಸ್ಥೆಗಳು ಎಷ್ಟಿಲ್ಲ? ಮಾಹಿತಿಯ ಭದ್ರತೆಗೆ ಒಬ್ಬರನ್ನು ಹೊಣೆ ಮಾಡಬೇಕೆಂದು ಗಿಟ್‌ಲ್ಯಾಬ್ ತನ್ನ ಸುಧಾರಣೆಯ ಪಟ್ಟಿಯಲ್ಲಿ ಬರೆದುಕೊಂಡಿತು. ಬದಲಾವಣೆ ಆರಂಭವಾಗುವುದು ಅಲ್ಲಿ. ತಪ್ಪು ಮಾಡಿದವನು ನಿಜ ಹೇಳಬೇಕು, ಅಧಿಕಾರವಿದ್ದವನು ಮೇಜನ್ನು ಸರಿಪಡಿಸಬೇಕು.

ಮೊದಲನೆಯದನ್ನು ನಾವು ಕಿರಿಯರಿಂದ ದಿನವೂ ನಿರೀಕ್ಷಿಸುತ್ತೇವೆ. ಎರಡನೆಯದನ್ನು ನಾವೆಷ್ಟು ಸಲ ಮಾಡಿದ್ದೇವೆ?