ಸುಳ್ಳಲ್ಲದ ಹಳೆಯ ಸುದ್ದಿ

ಈ ಹೊತ್ತು ಒಂದು ಪ್ರಶ್ನೆಯಿಂದ ಶುರು ಮಾಡ್ತೇನೆ. ಒಬ್ಬ ಮನುಷ್ಯನ ಬಗ್ಗೆ ನಿಜವನ್ನೇ ಹೇಳಿ ಅವನಿಗೆ ಅನ್ಯಾಯ ಮಾಡೋಕೆ ಸಾಧ್ಯವಾ? ಸುಳ್ಳು ಸಾಕ್ಷಿ ಹೇಳಬಾರದು ಅಂತ ಸಂಡೇ ಸ್ಕೂಲ್ ಮಕ್ಕಳಿಗೂ ಗೊತ್ತು. ನಾನು ಕೇಳ್ತಿರೋದು ನಿಜ ಸಾಕ್ಷಿಯ ವಿಷಯ.

ಸ್ವಲ್ಪ ಸುತ್ತಿಕೊಂಡು ಬರಬೇಕು, ತಾಳ್ಮೆಯಿಂದ ಕೇಳಿ.

ಹಿಂದೊಮ್ಮೆ ಪುಣೆಯಲ್ಲಿರುವ ನಮ್ಮ ಕನ್ನಡದವರ ಕೂಟಕ್ಕೆ ಹೋಗಿದ್ದೆ. ಮಾರನೇ ದಿನ ನಾಸಿಕ್ ದಾರಿಯಲ್ಲಿ ಒಂದು ಮನೆ ಪ್ರಾರ್ಥನೆಗೆ ಹೊರಟಾಗ, ಕಾರು ಓಡಿಸ್ತಿದ್ದ ತಮ್ಮ ನಾರಾಯಣಗಾಂವ್ ಹತ್ತಿರ ತಿರುಗಿಸಿ ಖೋಡದ್ ಅನ್ನೋ ಹಳ್ಳಿ ಕಡೆ ಕರ್ಕೊಂಡು ಹೋದ. ಹೊಲಗಳ ನಡುವೆ ಆಕಾಶಕ್ಕೆ ಬಾಯಿ ತೆರೆದ ದೊಡ್ಡ ದೊಡ್ಡ ಬಾಣಲೆಗಳು. ಒಂದೊಂದು 45 ಮೀಟರ್ ಅಗಲ, ಒಟ್ಟು 30 ಇವೆ. ತಂತಿ ಬಲೆಯಿಂದ ಮಾಡಿದ್ದು, ಆಚೆಗಿನ ಆಕಾಶ ಕಾಣ್ತದೆ. ಜಿಎಂಆರ್‌ಟಿ ಅಂತ ಅದರ ಹೆಸರು, ರೇಡಿಯೋ ದೂರದರ್ಶಕ. ಆಕಾಶದಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿಯೋ ಕಿವಿಗಳು ಅಂದುಕೊಳ್ಳಿ.

ಆ ತಮ್ಮ ಹೇಳಿದ್ದು ನನ್ನ ತಲೆಯಲ್ಲಿ ಉಳಿದುಬಿಡ್ತು. ಬಹುದೂರದ ಒಂದು ನಕ್ಷತ್ರರಾಶಿಯ ರೇಡಿಯೋ ಅಲೆಯನ್ನು ಈ ಬಾಣಲೆಗಳು ಹಿಡಿದಿದ್ದವು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಅರ್ನಬ್ ಚಕ್ರವರ್ತಿ, ನಮ್ಮ ಬೆಂಗಳೂರಿನ ಐಐಎಸ್‌ಸಿಯ ನಿರುಪಮ್ ರಾಯ್ ಇಬ್ಬರೂ ಸೇರಿ ಅದನ್ನು 2023ರ ಜನವರಿಯಲ್ಲಿ ಪ್ರಕಟ ಮಾಡಿದ್ರು. ಆ ಅಲೆ ಅಲ್ಲಿಂದ ಹೊರಟು 880 ಕೋಟಿ ವರ್ಷ ಆಗಿತ್ತು. (ವರ್ಷದ ಲೆಕ್ಕದ ಬಗ್ಗೆ ನಿಮ್ಮಲ್ಲಿ ಕೆಲವರಿಗೆ ಪ್ರಶ್ನೆ ಇದೆ, ಗೊತ್ತು. ಆರಾಧನೆ ಮುಗಿದ ಮೇಲೆ ಚಹಾ ಕುಡಿಯುತ್ತಾ ಮಾತಾಡೋಣ.)

ಅಷ್ಟು ಹಳೇದು ಅಂತ ಹೇಗೆ ಗೊತ್ತಾಯ್ತು? ಜಲಜನಕದ ಪರಮಾಣು ಬಿಡುವ ಅಲೆಯ ಉದ್ದ 21 ಸೆಂಟಿಮೀಟರ್. ಇಲ್ಲಿಗೆ ಬಂದು ಮುಟ್ಟಿದಾಗ ಅದು 48 ಸೆಂಟಿಮೀಟರ್ ಆಗಿತ್ತು. ದಾರಿಯುದ್ದಕ್ಕೂ ಆಕಾಶವೇ ಹಿಗ್ಗುತ್ತಾ ಅಲೆಯನ್ನೂ ಎಳೆದಿದೆ. ಎಷ್ಟು ಎಳೆದಿದೆ ಅನ್ನೋದರಿಂದ ಎಷ್ಟು ಹಳೇದು ಅಂತ ಲೆಕ್ಕ. ಸುದ್ದಿ ತನ್ನ ವಯಸ್ಸನ್ನು ತಾನೇ ಹೊತ್ತುಕೊಂಡು ಬಂದಿತ್ತು ಅನ್ನಿ. ಆ ನಕ್ಷತ್ರರಾಶಿ ಇವತ್ತು ಹೇಗಿದೆ? ಯಾರಿಗೂ ಗೊತ್ತಿಲ್ಲ, ಇಲ್ಲಿಂದ ನೋಡೋಕೂ ಆಗಲ್ಲ. ಬಂದ ಸುದ್ದಿ ಮಾತ್ರ ಅಪ್ಪಟ ನಿಜ.

ಈಗ ನನ್ನ ವಿಷಯಕ್ಕೆ ಬರ್ತೇನೆ. ಸಂಬಂಧಪಟ್ಟವರನ್ನು ಕೇಳಿಕೊಂಡೇ ಹೇಳ್ತಿದ್ದೇನೆ, ಹೆಸರು ಹೇಳಲ್ಲ. ಒಂದು ಸಂಜೆ ಗೊತ್ತಿಲ್ಲದವರೊಬ್ಬರು ಫೋನ್ ಮಾಡಿದ್ರು. "ಪಾಸ್ಟರೇ, ನಿಮ್ಮ ಸಭೆಯಲ್ಲಿದ್ದ ಹುಡುಗ, ನಮ್ಮ ಮಗಳಿಗೆ ನೋಡ್ತಿದ್ದೇವೆ. ಹೇಗೆ?" ಅಂತ. ನಾನು ಇದ್ದದ್ದು ಹೇಳಿದೆ. ಕುಡೀತಿದ್ದ, ಯೌವನಸ್ಥರ ಕೂಟದ ದುಡ್ಡು ತಗೊಂಡಿದ್ದ, ಅವನ ತಾಯಿ ನನ್ನ ಮುಂದೆ ಅತ್ತಿದ್ದಾರೆ. ಒಂದು ಮಾತೂ ಸೇರಿಸಲಿಲ್ಲ. ಫೋನ್ ಇಟ್ಟು, ಕರ್ತನ ಮುಂದೆ ಸತ್ಯ ಹೇಳಿದೆ ಅಂತ ನೆಮ್ಮದಿಯಾಗಿ ಊಟ ಮಾಡಿದೆ. ಸಂಬಂಧ ಮುರಿದುಬಿತ್ತು.

ಆ ಹುಡುಗ ಊರು ಬಿಟ್ಟು ಹುಬ್ಬಳ್ಳಿಗೆ ಹೋಗಿ ಆರು ವರ್ಷ ಆಗಿತ್ತು. ಆ ಆರು ವರ್ಷದಲ್ಲಿ ನಾನು ಒಮ್ಮೆಯೂ ಅವನನ್ನು ನೋಡಿಲ್ಲ, ಮಾತಾಡಿಸಿಲ್ಲ. ಆದ್ರೆ ಹುಡುಗಿಯ ತಂದೆಗೆ "ಇದು ಆರು ವರ್ಷದ ಹಿಂದಿನ ಮಾತು, ಈಗ ಹೇಗಿದ್ದಾನೋ ಗೊತ್ತಿಲ್ಲ" ಅನ್ನೋ ಒಂದು ವಾಕ್ಯ ನನ್ನ ಬಾಯಿಂದ ಬರಲಿಲ್ಲ. ಯಾಕೆ ಬರಲಿಲ್ಲ? ನಿಜ ಹೇಳ್ತೇನೆ, ಎಲ್ಲ ಗೊತ್ತಿರೋ ಪಾಸ್ಟರ್ ಅನ್ನಿಸಿಕೊಳ್ಳೋದು ನನಗೆ ಹಿತವಾಗಿತ್ತು.

ಅಪೊಸ್ತಲರ ಕೃತ್ಯಗಳು 9ನೇ ಅಧ್ಯಾಯದಲ್ಲಿ ಅನನೀಯನನ್ನು ನೋಡಿ. ದಮಸ್ಕದಲ್ಲಿ ಸೌಲನ ಹತ್ತಿರ ಹೋಗು ಅಂತ ಕರ್ತನು ಹೇಳಿದಾಗ ಅವನು ಹಿಂಜರೀತಾನೆ. ಈ ಮನುಷ್ಯ ಯೆರೂಸಲೇಮಿನ ಭಕ್ತರಿಗೆ ಎಷ್ಟು ಕೇಡು ಮಾಡಿದ್ದಾನೆ ಅಂತ ಅನೇಕರಿಂದ ಕೇಳಿದ್ದೇನೆ ಅಂತಾನೆ. ಗಮನಿಸಿ, ಅದು ಸುಳ್ಳು ಅಂತ ಕರ್ತನು ಹೇಳಲೇ ಇಲ್ಲ. ಸುದ್ದಿ ಸರಿ ಇತ್ತು, ಅನನೀಯನಿಗೆ ಹೊಸದೂ ಆಗಿತ್ತು. ಆದ್ರೆ ಅವನು ಅದನ್ನು ಹೇಳ್ತಿರೋ ಹೊತ್ತಿಗೆ ಸೌಲನು ಮೂರು ದಿನದಿಂದ ಉಣ್ಣದೆ ಕುಡಿಯದೆ, ಕಣ್ಣು ಕಾಣದೆ, ಪ್ರಾರ್ಥನೆ ಮಾಡ್ತಾ ಕೂತಿದ್ದ. ಬರೀ ಮೂರು ದಿನ ಹಳೇ ಸುದ್ದಿ, ಪ್ರಿಯರೇ!

ಹಾಗಾದ್ರೆ ಹಳೇದನ್ನೆಲ್ಲ ಮುಚ್ಚಿಡಬೇಕಾ? ಅದಕ್ಕೆ ನಾನು ಆಮೆನ್ ಹೇಳಲ್ಲ. ಹೆಂಡತಿಗೆ ಹೊಡೆದವನು, ಮಗುವನ್ನು ಕೆಡಿಸಿದವನು ಬಂದು "ಪಾಸ್ಟರೇ, ಅದು ಹಳೇ ಕಥೆ" ಅಂದ್ರೆ, ಪೆಟ್ಟು ತಿಂದವರಿಗೆ ಅದು ಹಳೇದಲ್ಲ. ಅವರ ನೋವು ಇವತ್ತಿನ ಸುದ್ದಿ. ಒಂದು ಮನೆಗೆ ಅಪಾಯ ಇದ್ರೆ ಎಚ್ಚರಿಸಲೇಬೇಕು, ಹುಡುಗಿಯ ತಂದೆ ಕೇಳಿದ್ದರಲ್ಲೂ ತಪ್ಪಿರಲಿಲ್ಲ. ಆ ವಿಜ್ಞಾನಿಗಳು ಅಲೆ ಹಳೇದು ಅಂತ ಬಿಸಾಡಲಿಲ್ಲ, ಜೋಪಾನ ಮಾಡಿದ್ರು. ಜೊತೆಗೆ ಅದರ ವಯಸ್ಸನ್ನೂ ಬರೆದ್ರು. ನಾನು ಬರೆಯಲಿಲ್ಲ.

ಇನ್ನೊಂದು ಮಾತು. 1977ರಲ್ಲಿ ಹಾರಿಸಿದ ವಾಯೇಜರ್ 1 ನೌಕೆ 2023ರ ನವೆಂಬರಿನಲ್ಲಿ ಅರ್ಥವಿಲ್ಲದ ಸಂಕೇತ ಕಳಿಸೋಕೆ ಶುರು ಮಾಡ್ತು. ಇಲ್ಲಿಂದ ಒಂದು ಮಾತು ಅಲ್ಲಿಗೆ ಮುಟ್ಟೋಕೆ 22 ಗಂಟೆಗೂ ಹೆಚ್ಚು, ಉತ್ತರ ಬರೋಕೆ ಮತ್ತೆ ಅಷ್ಟೇ. ಆದ್ರೂ ನಾಸಾದವರು ಕೇಳೋದು, ಕಾಯೋದು, ಮತ್ತೆ ಕೇಳೋದು ಬಿಡಲಿಲ್ಲ. ಐದು ತಿಂಗಳಾದ ಮೇಲೆ, 2024ರ ಏಪ್ರಿಲಿನಲ್ಲಿ ಅದು ತನ್ನ ಸ್ಥಿತಿಗತಿಯನ್ನು ಮತ್ತೆ ಸರಿಯಾಗಿ ಹೇಳ್ತು. ಹುಬ್ಬಳ್ಳಿಗೆ ಫೋನ್ ಹಚ್ಚಿದ್ರೆ ನನಗೆ ಅರ್ಧ ನಿಮಿಷ ಸಾಕಿತ್ತು.

ಕಡೆಗೆ ಹಚ್ಚಿದೆ. ಹುಡುಗಿಯ ತಂದೆಗೂ ಹಚ್ಚಿದೆ, ಅಷ್ಟರಲ್ಲಿ ಆಕೆಗೆ ಬೇರೆ ಕಡೆ ಮದುವೆ ಆಗಿತ್ತು. ಹುಡುಗ ಕುಡಿಯೋದು ಬಿಟ್ಟು ನಾಲ್ಕು ವರ್ಷ ಆಗಿದೆ. ನಾನು ಕ್ಷಮೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಯ್ಯಗಾರೇ, ನೀವು ಹೇಳಿದ್ದೇನು ಸುಳ್ಳಲ್ಲವಲ್ಲ" ಅಂದ. ಅದಕ್ಕೆ ಏನು ಹೇಳಬೇಕೋ ನನಗೆ ತಿಳಿಯಲಿಲ್ಲ. ಒಂದು ಭಾನುವಾರ ಸಭೆಗೆ ಬಾ ಅಂದೆ. ಬರ್ತೀನಿ ಅನ್ನಲಿಲ್ಲ, ಬರಲ್ಲ ಅಂತಾನೂ ಅನ್ನಲಿಲ್ಲ.

ಎಲ್ಲರೂ ಎದ್ದು ನಿಲ್ಲೋಣ. ನೀವು ಬಹಳ ವರ್ಷದಿಂದ ಮಾತಾಡಿಸದ ಒಬ್ಬರ ಹೆಸರು ಈಗ ಮನಸ್ಸಿಗೆ ಬಂದಿರಬಹುದು. ಆ ಹೆಸರನ್ನು ಹಿಡಿದುಕೊಂಡೇ ಕಣ್ಣು ಮುಚ್ಚಿ. ಪ್ರಾರ್ಥಿಸೋಣ.