ತೋಟದ ನೀರು, ದಾಹದ ನೀರು

ಯಡಿಯೂರು ಕೆರೆಗೆ ಬೆಳಗಿನ ನಡಿಗೆಗೆ ಹೋಗುವವರು ಹಾದುಹೋಗುವ ಬೀದಿಯೊಂದರಲ್ಲಿ ನಮ್ಮ ಕಟ್ಟಡವಿದೆ. ಅದರಲ್ಲಿ ಆರು ಮನೆಗಳು. 2020ರ ಲಾಕ್‌ಡೌನಿನಲ್ಲಿ ಕುಳಿತು ಕುಳಿತು ಬೇಸತ್ತ ನಾವು ಆರು ಮನೆಯವರೂ ಸೇರಿ ತಾರಸಿಯ ಮೇಲೆ ಒಂದು ತೋಟ ಮಾಡಿದೆವು. ಹಳೆಯ ಡ್ರಮ್ಮುಗಳನ್ನು ಕೊಯ್ದು, ಮಣ್ಣು ಗೊಬ್ಬರ ತುಂಬಿ, ಮನೆಗೆ ನಾಲ್ಕರಂತೆ ಹಂಚಿಕೊಂಡೆವು. ಮೆಂತ್ಯ, ದಂಟು, ಬದನೆ, ಟೊಮೆಟೊ ಬಂದವು. ನಮ್ಮ ಮನೆಯ ಇಫ್ತಾರ್ ಗಂಜಿಗೆ ಎದುರು ಮನೆಯ ಡ್ರಮ್ಮಿನ ಪುದೀನ ಬೀಳುತ್ತಿತ್ತು. ಅವರ ಸಾರಿಗೆ ನಮ್ಮ ಕರಿಬೇವು ಹೋಗುತ್ತಿತ್ತು. ನೀರು ಮಾತ್ರ ಎಲ್ಲರಿಗೂ ಒಂದೇ ಸಂಪಿನಿಂದ. ಅದರ ಖರ್ಚನ್ನು ಆರು ಪಾಲು ಮಾಡಿ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೆವು.

ಗಿಡಗಳಿಗೆ ನೀರು ಹಾಕುತ್ತಿದ್ದುದು ನಾವಲ್ಲ. ಮೆಟ್ಟಿಲು ಗುಡಿಸಲು ಬರುತ್ತಿದ್ದ ಹೆಣ್ಣುಮಗಳಿಗೆ ತಿಂಗಳಿಗೆ ಇಷ್ಟು ಎಂದು ಹೆಚ್ಚುವರಿ ಕೊಟ್ಟು ಆ ಕೆಲಸವನ್ನೂ ವಹಿಸಿದ್ದೆವು. ಯಾವ ಗಿಡಕ್ಕೆ ಎಷ್ಟು ನೀರು ಬೇಕೆಂಬುದು ನಮಗಿಂತ ಆಕೆಗೇ ಚೆನ್ನಾಗಿ ಗೊತ್ತಿತ್ತು.

2024ರ ಬೇಸಿಗೆ ಬಂತು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ನಗರದಲ್ಲಿ ಸರ್ಕಾರದ ಕೊಳವೆಬಾವಿಗಳ ಪೈಕಿ ಸುಮಾರು ಅರ್ಧದಷ್ಟು ಬತ್ತಿದ್ದವು. ನಮ್ಮ ಬೋರ್‌ವೆಲ್ ಕೂಡ ಗಾಳಿ ಉಗುಳತೊಡಗಿತು. ಮಾರ್ಚ್ ತಿಂಗಳಲ್ಲಿ ಜಲಮಂಡಳಿಯು ಕುಡಿಯುವ ನೀರನ್ನು ತೋಟಕ್ಕೆ, ವಾಹನ ತೊಳೆಯಲು, ಕಟ್ಟಡ ಕೆಲಸಕ್ಕೆ ಬಳಸುವಂತಿಲ್ಲ, ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿತು. ಅದೇ ದಿನಗಳಲ್ಲಿ ಜಿಲ್ಲಾಡಳಿತವು ಟ್ಯಾಂಕರ್ ನೀರಿಗೆ ದರ ನಿಗದಿ ಮಾಡಿತು. ಐದು ಕಿಲೋಮೀಟರ್ ಒಳಗಾದರೆ 12,000 ಲೀಟರಿಗೆ 1,000 ರೂಪಾಯಿ, ತೆರಿಗೆ ಬೇರೆ. ನಾವೂ ಟ್ಯಾಂಕರ್ ತರಿಸಿದೆವು. ಲೆಕ್ಕದ ಪುಸ್ತಕ ದಪ್ಪವಾಯಿತು, ಮಾತು ಬಿಸಿಯಾಯಿತು.

ರಮಝಾನಿನ ಮೊದಲ ವಾರದ ಭಾನುವಾರ ತಾರಸಿಯಲ್ಲೇ ಸಭೆ ಸೇರಿತು. ಕೆಳಮನೆಯ ವಯಸ್ಸಾದ ದಂಪತಿ ವರ್ಷದ ಹಿಂದೆಯೇ ಗಿಡ ಬಿಟ್ಟಿದ್ದರು. "ನಮ್ಮ ಡ್ರಮ್ಮು ಖಾಲಿ, ನಾವ್ಯಾಕೆ ಸಮಪಾಲು ಕೊಡಬೇಕು?" ಎಂಬುದು ಅವರ ಪ್ರಶ್ನೆ. ತೋಟ ಬಿಟ್ಟದ್ದು ಅವರ ಇಷ್ಟ, ಸಂಪು ಎಲ್ಲರದು ಎಂದು ಇನ್ನೊಬ್ಬರು. ಡ್ರಮ್ಮಿಗೆ ಇಷ್ಟು ಎಂದು ಹಾಕೋಣ ಎಂದು ಮತ್ತೊಬ್ಬರು. ಕುಡಿಯುವ ನೀರನ್ನು ತೋಟಕ್ಕೆ ಹಾಕುವುದೇ ತಪ್ಪಲ್ಲವೇ ಎಂದು ಯಾರೂ ಕೇಳಲಿಲ್ಲ. ನಾವೂ ಕೇಳಲಿಲ್ಲ.

ಆಗ ಮೂಲೆಯಲ್ಲಿ ನಿಂತಿದ್ದ ಆಕೆ, "ಅಣ್ಣಾ, ನಮ್ ಬೀದೀಲಿ ನಾಕು ದಿನದಿಂದ ನಲ್ಲಿ ಬಂದಿಲ್ಲ. ಹೋಗೋವಾಗ ಎರಡು ಕೊಡ ತಗೊಂಡೋಗ್ಲಾ?" ಎಂದಳು.

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು, ಇವತ್ತು ಎರಡು ಕೊಡ ಎಂದರೆ ನಾಳೆ ಬೀದಿಯೇ ಬರುತ್ತದೆ ಎಂದರು. ಇನ್ನೊಬ್ಬರು ಸಮಾಧಾನದ ದನಿಯಲ್ಲಿ, ಕೊಡೋಣ, ಸಂಬಳದಲ್ಲಿ ಹಿಡಿದುಕೊಂಡರಾಯಿತು ಎಂದರು. ಆಕೆ "ಬ್ಯಾಡ ಬಿಡಿ ಸಾರ್" ಎಂದು, ಉಳಿದಿದ್ದ ನಾಲ್ಕು ಡ್ರಮ್ಮುಗಳಿಗೆ ನೀರು ಹಾಕಿ, ಖಾಲಿ ಕೈಯಲ್ಲಿ ಇಳಿದು ಹೋದಳು.

ನಾವು ಉಪವಾಸವಿದ್ದೆವು. ಗಂಟಲು ಒಣಗಿತ್ತು. ದಾಹವೆಂದರೇನೆಂದು ಆ ಹೊತ್ತಿನಲ್ಲಿ ನಮಗೆ ತಿಳಿಯದೆ ಇನ್ನಾರಿಗೆ ತಿಳಿಯಬೇಕಿತ್ತು? ಆದರೂ ಸುಮ್ಮನಿದ್ದೆವು. ಸೂರ್ಯಾಸ್ತದ ಹೊತ್ತಿಗೆ ನೀರಿನ ಲೋಟ ಕೈಗೆತ್ತಿಕೊಂಡಾಗ ಒಂದು ಲೆಕ್ಕ ತಾನಾಗಿ ತಲೆಗೆ ಬಂತು. ಕೊಡವೊಂದಕ್ಕೆ ಹದಿನೈದು ಲೀಟರ್ ಎಂದರೆ ಎರಡು ಕೊಡಕ್ಕೆ ಮೂವತ್ತು. ನಿಗದಿಯಾದ ದರದಲ್ಲಿ ಅದರ ಬೆಲೆ ಎರಡೂವರೆ ರೂಪಾಯಿ. ಟ್ಯಾಂಕರಿಗೆ ದುಪ್ಪಟ್ಟು ತೆತ್ತಿದ್ದೆವೆಂದರೂ ಐದು ರೂಪಾಯಿ.

ಅಂದಿನಿಂದ ಈ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಹಂಚಿಕೊಂಡ ತೋಟದ ನೀರಿಗೆ ಯಾರು, ಯಾವ ನ್ಯಾಯದಲ್ಲಿ ಹಣ ಕೊಡಬೇಕು? ಹಣ ಕೊಟ್ಟ ಮಾತ್ರಕ್ಕೆ ಆ ನೀರು ನಮ್ಮದಾಗುತ್ತದೆಯೇ?

ನೀರು ದೇವರದು, ಅದಕ್ಕೆ ಬೆಲೆ ಕಟ್ಟುವುದೇ ಅನ್ಯಾಯ ಎಂದು ಹೇಳುವವರಿದ್ದಾರೆ. ಕೇಳಲು ಹಿತವಾದ ಮಾತು. ಆದರೆ ಬೆಂಗಳೂರಿನ ನಲ್ಲಿಗೆ 1974ರಿಂದ ಬರುತ್ತಿರುವ ಕಾವೇರಿ ನೀರು ಮಳವಳ್ಳಿ ಕಡೆಯ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ ಸಾಗಿ, ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಎತ್ತರ ಏರಿ ಬರುತ್ತದೆ. ಅದನ್ನು ಎತ್ತುವ ಪಂಪಿಗೆ ವಿದ್ಯುತ್ ಬೇಕು, ಕೊಳವೆ ಕಾಯುವವನಿಗೆ ಸಂಬಳ ಬೇಕು. ನಾವು ಬೆಲೆ ತೆರುವುದು ನೀರಿಗಲ್ಲ, ನೀರು ತಂದ ಶ್ರಮಕ್ಕೆ.

ಈ ಭೇದವನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು. ಇಸ್ಲಾಮೀ ಧರ್ಮಶಾಸ್ತ್ರದಲ್ಲಿ ಬೆಳೆಯ ಝಕಾತ್‌ನ ನಿಯಮವನ್ನೇ ನೋಡಿ. ಮಳೆ ಅಥವಾ ಹರಿಯುವ ತೊರೆಯ ನೀರಿನಿಂದ ಬೆಳೆದ ಫಸಲಿನಲ್ಲಿ ಹತ್ತನೆಯ ಒಂದು ಪಾಲು ಕೊಡಬೇಕು. ಸೇದಿ, ಹೊತ್ತು, ಕಷ್ಟಪಟ್ಟು ನೀರುಣಿಸಿ ಬೆಳೆದುದಾದರೆ ಇಪ್ಪತ್ತನೆಯ ಒಂದು ಪಾಲು ಸಾಕು. ನೀರು ತಂದ ಬೆವರನ್ನು ಧರ್ಮವೇ ಲೆಕ್ಕಕ್ಕೆ ಹಿಡಿದಿದೆ.

ಕನ್ನಡ ನಾಡಿನ ಶಾಸನಗಳಲ್ಲಿ 'ಬಿತ್ತುವಟ್ಟ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಕೆರೆಯ ಪೋಷಣೆಗೆಂದು ಬಿಟ್ಟುಕೊಟ್ಟ ಭೂಮಿ ಅಥವಾ ಉತ್ಪನ್ನದ ಪಾಲು ಅದು. ಮೈಸೂರು ಸೀಮೆಯಲ್ಲಿ ಕೆರೆ ಕಟ್ಟಿದವರಿಗೆ, ಕಾಪಾಡುವವರಿಗೆ 'ಕಟ್ಟುಕೊಡಗೆ' ಎಂಬ ಮಾನ್ಯದ ಭೂಮಿ ಇರುತ್ತಿತ್ತು. ತೂಬು ಎತ್ತಿ ಗದ್ದೆಯಿಂದ ಗದ್ದೆಗೆ ನೀರು ಹಾಯಿಸುವ ನೀರುಗಂಟಿಗೆ ಸುಗ್ಗಿಯಲ್ಲಿ ಪ್ರತಿ ಮನೆಯಿಂದ ಧಾನ್ಯದ ಪಾಲು ಸಲ್ಲುತ್ತಿತ್ತು. ಇಂದು ನಮ್ಮವರು ಸುತ್ತು ಹಾಕುವ ಯಡಿಯೂರು ಕೆರೆಯಂಥ ಕೆರೆಗಳೆಲ್ಲ ಈ ಲೋಕದವು. 1948ರಲ್ಲಿ ಜಯನಗರ ಬಡಾವಣೆ ಆರಂಭವಾಗಿ ನಗರ ಇತ್ತ ಚಾಚಿಕೊಂಡ ಮೇಲೆ ಗದ್ದೆ ಹೋಯಿತು, ತೂಬು ಹೋಯಿತು, ನೀರುಗಂಟಿಯೂ ಹೋದ. ಉಳಿದದ್ದು ಕೆರೆಯ ಹೆಸರು ಮತ್ತು ನಡೆಯುವ ಹಾದಿ.

ಹಾಗಾದರೆ ತೋಟದ ನೀರಿನ ಲೆಕ್ಕ ಇರಲೇಬೇಕು. ಕೆಳಮನೆಯ ವೃದ್ಧರ ದೂರು ನ್ಯಾಯವಾದುದೇ ಆಗಿತ್ತು. ಗಿಡವಿಲ್ಲದವರ ಮೇಲೆ ಗಿಡದ ನೀರಿನ ಭಾರ ಹೊರಿಸುವುದು ಸಮಾನತೆಯಲ್ಲ. ಸ್ಪೇನ್ ದೇಶದ ವೆಲೆನ್ಸಿಯಾದಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಚರ್ಚಿನ ಬಾಗಿಲಲ್ಲಿ ರೈತರೇ ಆರಿಸಿದ ಪಂಚರು ಕುಳಿತು ಕಾಲುವೆ ನೀರಿನ ವ್ಯಾಜ್ಯ ತೀರಿಸುತ್ತಾರೆ. ಮುಸ್ಲಿಮರ ಆಳ್ವಿಕೆಯ ಕಾಲದಿಂದ ಬಂದುದೆಂದು ಹೇಳಲಾಗುವ ಈ ಪಂಚಾಯತಿಯನ್ನು 2009ರಲ್ಲಿ ಯುನೆಸ್ಕೋ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಕಾಲುವೆಗೆ ಅಲ್ಲಿನವರು ಹೇಳುವ 'ಅಸೆಕಿಯಾ' ಎಂಬ ಪದವೂ ಅರಬಿಯಿಂದ ಹೋದದ್ದು. ಅಲ್ಲಿನ ನಿಯಮ ಸರಳ. ಭೂಮಿಯ ಅಳತೆಗೆ ತಕ್ಕಂತೆ ನೀರು, ಅದಕ್ಕೆ ತಕ್ಕಂತೆ ಖರ್ಚು. ಬರ ಬಂದರೆ ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಡ್ರಮ್ಮಿಗೆ ಇಷ್ಟು ಎಂದವರೂ ಗೊತ್ತಿಲ್ಲದೆಯೇ ಈ ದಾರಿಯನ್ನೇ ಹೇಳಿದ್ದರು.

ಇಲ್ಲಿಗೆ ಲೆಕ್ಕ ಮುಗಿದಿದ್ದರೆ ಈ ಲೇಖನ ಬರೆಯುವ ಅಗತ್ಯವಿರಲಿಲ್ಲ. ಪಾಲುದಾರರ ನಡುವೆ ಎಷ್ಟೇ ನ್ಯಾಯವಾಗಿ ಹಂಚಿದರೂ ಪಾಲೇ ಇಲ್ಲದವರ ಗತಿಯೇನು? ನೀರುಗಂಟಿಯ ಕಥೆಯನ್ನು ಹೆಮ್ಮೆಯಿಂದ ಹೇಳುವ ನಾವು ಅದರ ಇನ್ನೊಂದು ಮುಖವನ್ನು ಮರೆಯುತ್ತೇವೆ. ಹಳೆ ಮೈಸೂರಿನ ಅನೇಕ ಊರುಗಳಲ್ಲಿ ನೀರುಗಂಟಿ ದಲಿತನಾಗಿದ್ದ. ಊರಿನ ಎಲ್ಲ ಗದ್ದೆಗಳಿಗೂ ಅವನ ಕೈಯಿಂದಲೇ ನೀರು ಹರಿಯಬೇಕು. ಆದರೆ ಊರ ಬಾವಿಯಿಂದ ಒಂದು ಕೊಡ ಸೇದಿಕೊಳ್ಳಲು ಅದೇ ಕೈಗೆ ಅನುಮತಿಯಿರಲಿಲ್ಲ. 1927ರಲ್ಲಿ ಡಾ. ಅಂಬೇಡ್ಕರ್ ಮಹಾಡದ ಚವದಾರ್ ಕೆರೆಗಿಳಿದು ಬೊಗಸೆ ನೀರು ಕುಡಿಯಬೇಕಾಗಿ ಬಂದದ್ದು ಇಂಥ ಲೋಕದಲ್ಲಿ. ಗದ್ದೆಗಳ ನಡುವಿನ ಹಂಚಿಕೆ ಎಷ್ಟೇ ನಿಖರವಾಗಿದ್ದರೂ ಆ ಊರನ್ನು ನ್ಯಾಯದ ಊರು ಎನ್ನಲಾದೀತೇ? ಮತ್ತು ನಮ್ಮ ತಾರಸಿಯಲ್ಲಿ ಆ ಭಾನುವಾರ ನಡೆದದ್ದು ಅದಕ್ಕಿಂತ ಎಷ್ಟು ಭಿನ್ನ?

ಕನ್ನಡ ಶಾಲೆಯಲ್ಲಿ ನಾವು ಅರವಟ್ಟಿಗೆ ಎಂಬ ಪದ ಕಲಿತೆವು. ಉರ್ದು ಕಲಿಸಿದ ಉಸ್ತಾದರು ಸಬೀಲ್ ಎಂಬ ಪದ ಕಲಿಸಿದರು. ಎರಡೂ ಒಂದೇ. ದಾರಿಹೋಕನ ಜಾತಿ ಕೇಳದೆ, ಹಣ ಕೇಳದೆ ನೀರು ಕೊಡುವ ಜಾಗ. ಅರವಟ್ಟಿಗೆಯಲ್ಲಿ ಲೆಕ್ಕದ ಪುಸ್ತಕ ಇರುವುದಿಲ್ಲ. ಇಸ್ಲಾಮೀ ನ್ಯಾಯಶಾಸ್ತ್ರವೂ ನೀರಿನ ಹಕ್ಕುಗಳನ್ನು ಸಾಲಾಗಿ ಜೋಡಿಸುವಾಗ ಮೊದಲು ಮನುಷ್ಯರ ದಾಹ, ನಂತರ ಜಾನುವಾರುಗಳ ದಾಹ, ಆಮೇಲೆ ಹೊಲ ತೋಟ ಎನ್ನುತ್ತದೆ. ಜಲಮಂಡಳಿಯ 2024ರ ಆದೇಶ ದಂಡದ ಭಾಷೆಯಲ್ಲಿ ಹೇಳಿದ್ದೂ ಇದನ್ನೇ. ಮೊದಲು ಗಂಟಲು, ಆಮೇಲೆ ಗಿಡ.

ಹೀಗೆ ಪುಕ್ಕಟೆ ಕೊಟ್ಟರೆ ದುಂದು ಆಗುವುದಿಲ್ಲವೇ, ಆ ಖರ್ಚು ಯಾರು ಹೊರಬೇಕು ಎಂಬ ಪ್ರಶ್ನೆ ಸಹಜ. ದುಂದನ್ನು ಯಾರೂ ಸಮರ್ಥಿಸುವುದಿಲ್ಲ. ಹರಿಯುವ ನದಿಯ ದಡದಲ್ಲಿ ವುಝೂ ಮಾಡುವಾಗಲೂ ನೀರು ಪೋಲು ಮಾಡಬಾರದೆಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದ್ದಾರೆ. ಆದರೆ ದೂರದಿಂದ ಹೊತ್ತೊಯ್ಯುವ ಎರಡು ಕೊಡದಲ್ಲಿ ದುಂದು ಮಾಡಲು ಏನಿದೆ? ದುಂದು ಆಗುವುದು ನಲ್ಲಿ ತಿರುಗಿಸಿದರೆ ಸಾಕೆನ್ನುವ ನಮ್ಮಂಥವರ ಮನೆಯಲ್ಲಿ.

ಖರ್ಚಿನ ಪ್ರಶ್ನೆಗೆ ಮದೀನಾದ ರೂಮಾ ಬಾವಿಯ ಪ್ರಸಂಗ ಉತ್ತರ ಹೇಳುತ್ತದೆ. ಆ ಬಾವಿಯ ಒಡೆಯ ನೀರನ್ನು ಹಣಕ್ಕೆ ಮಾರುತ್ತಿದ್ದ. ಬಡವರಿಗೆ ಕೊಳ್ಳುವ ಶಕ್ತಿಯಿರಲಿಲ್ಲ. ಪ್ರವಾದಿ(ಸ)ಯವರ ಕರೆಗೆ ಓಗೊಟ್ಟು ಹಝ್ರತ್ ಉಸ್ಮಾನ್(ರ) ತಮ್ಮ ಹಣದಿಂದ ಅದನ್ನು ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟರು. ಈ ಕಥೆಯನ್ನು ನಾವು ಚಿಕ್ಕಂದಿನಿಂದ ಅವರ ಔದಾರ್ಯಕ್ಕಾಗಿ ಕೇಳಿದ್ದೇವೆ. ಆದರೆ ಅದರಲ್ಲಿ ಇನ್ನೊಂದು ಮಾತಿದೆ. ಬಾವಿ ಕೊಂಡವರ ಕೊಡವೂ ಉಳಿದವರ ಕೊಡಗಳ ಸಾಲಿನಲ್ಲೇ ಇರಬೇಕೆಂಬುದು ಅಲ್ಲಿನ ಷರತ್ತಾಗಿತ್ತು. ಹಣ ಪೂರ್ತಿ ಅವರದು, ಹಕ್ಕು ಮಾತ್ರ ಎಲ್ಲರಷ್ಟೇ.

ನಮ್ಮ ತಪ್ಪು ಇಲ್ಲಿತ್ತು. ಹಣ ಕೊಟ್ಟಿದ್ದೇವೆ, ಆದ್ದರಿಂದ ಸಂಪಿನ ನೀರಿನ ಒಡೆಯರು ನಾವು ಎಂದು ಭಾವಿಸಿದೆವು. ಪುಕ್ಕಟೆ ನೀರು ಎಂಬುದು ಲೋಕದಲ್ಲಿಲ್ಲ ನಿಜ. ಕುಡಿಯುವವನಿಗೆ ಪುಕ್ಕಟೆಯಾದರೆ ಬೇರೆ ಯಾರೋ ಅದರ ಬೆಲೆ ತೆತ್ತಿರುತ್ತಾರೆ. ಆದರೆ ಬೆಲೆ ತೆರುವುದು ಒಂದು ಹೊಣೆ. ಅದು ಇನ್ನೊಬ್ಬರ ದಾಹಕ್ಕೆ ಬೀಗ ಹಾಕುವ ಅಧಿಕಾರವನ್ನು ಕೊಡುವುದಿಲ್ಲ. ನಮಗೆ ನೀರು ಮಾರಿದ ಟ್ಯಾಂಕರ್ ಕೂಡ ಯಾವುದೋ ಊರಂಚಿನ ನೆಲದಡಿಯಿಂದ ಎತ್ತಿದ ನೀರನ್ನೇ ತಂದಿತ್ತು. ಆ ನೆಲಕ್ಕೆ ನಾವಾಗಲಿ ಅವನಾಗಲಿ ಏನು ಕೊಟ್ಟಿದ್ದೆವು?

ಅಂದಿನ ರಾತ್ರಿ ತರಾವೀಹ್ ಮುಗಿಸಿ ಬಂದು ನಾವು ಮನೆಮನೆಗೆ ಹೋಗಿ ಮಾತಾಡಿದೆವು. ಯಾರೂ ಕೆಟ್ಟವರಾಗಿರಲಿಲ್ಲ. ಸಭೆಯಲ್ಲಿ ಆಡಿದ ಮಾತಿಗೆ ಕೆಲವರಿಗೆ ಆಗಲೇ ನಾಚಿಕೆಯಾಗಿತ್ತು. "ನೀವಾದರೂ ಆಗಲೇ ಹೇಳಬಾರದಿತ್ತೇ?" ಎಂದು ಕೆಳಮನೆಯ ಅಜ್ಜಿ ಕೇಳಿದರು. ಉತ್ತರ ಹೇಳಲಾಗಲಿಲ್ಲ.

ಲೆಕ್ಕದ ಪುಸ್ತಕದಲ್ಲಿ ಈಗ ಮೂರು ಸಾಲುಗಳಿವೆ. ಕುಡಿಯುವ ನೀರು ಕೇಳಿದವರಿಗೆ ಕೊಡುವುದು, ಅದನ್ನು ಬರೆಯಬಾರದು. ತೋಟದ ಖರ್ಚು ಡ್ರಮ್ಮಿನ ಲೆಕ್ಕದಲ್ಲಿ. ಬರ ಬಂದಾಗ ಅಕ್ಕಿ ತೊಳೆದ ನೀರು, ಬಟ್ಟೆ ಜಾಲಿಸಿದ ನೀರು ಬಿಟ್ಟು ಬೇರೆ ನೀರನ್ನು ಗಿಡಕ್ಕೆ ಹಾಕಬಾರದು. ಆ ಬೇಸಿಗೆಯಲ್ಲಿ ಅರ್ಧ ಗಿಡಗಳು ಒಣಗಿದವು. ಮಳೆ ಬಂದ ಮೇಲೆ ಮತ್ತೆ ಬಿತ್ತಿದೆವು.

ಮರುದಿನ ಬೆಳಗ್ಗೆ ಎರಡು ಕೊಡ ತುಂಬಿಸಿ ಮೆಟ್ಟಿಲ ಬಳಿ ಇಟ್ಟಿದ್ದೆವು. ಆಕೆ ಬಂದಳು, ಮೆಟ್ಟಿಲು ಗುಡಿಸಿದಳು, ಕೊಡಗಳನ್ನು ನೋಡಿದಳು. "ರಾತ್ರಿನೇ ನಲ್ಲಿ ಬಂತಣ್ಣಾ, ಬೇಕಾಗಿಲ್ಲ" ಎಂದಳು. ನಿಜವಾಗಿಯೂ ಬಂದಿತ್ತೋ ಇಲ್ಲವೋ ನಾವು ಕೇಳಲಿಲ್ಲ. ಆ ಬೇಸಿಗೆ ಮುಗಿಯುವವರೆಗೂ ಆಕೆ ನಮ್ಮಲ್ಲಿ ನೀರು ಕೇಳಲಿಲ್ಲ. ಒಮ್ಮೆ ಇಲ್ಲವೆನಿಸಿಕೊಂಡವರು ಮತ್ತೆ ಕೈ ಚಾಚುವುದು ಸುಲಭವಲ್ಲ. ಎರಡೂವರೆ ರೂಪಾಯಿಯ ಆ ನೀರಿಗೆ ನಾವು ತೆತ್ತ ಬೆಲೆ ಅದು. ಪುಸ್ತಕದಲ್ಲಿ ಅದನ್ನು ಬರೆಯಲು ಜಾಗವಿಲ್ಲ.